ಹೊಗಳಿಕೊಳ್ಳಲು ಬಾರದವನಿಗೊಂದು ಸನ್ಮಾನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಫ್ಲೆಕ್ಸ್ ಹಾಕಿಸಿದವನು ನಾನೇ. ಅದರಲ್ಲಿ ‘ಅಂತರರಾಷ್ಟ್ರೀಯ ಖ್ಯಾತಿಯ’ ಎಂದು ಬರೆಸಿದವನೂ ನಾನೇ. ಆ ಬಿಳಿಯ ಮನುಷ್ಯನ ತಲೆಗೆ ಕಂಪ್ಯೂಟರಿನಲ್ಲಿ ಮೈಸೂರು ಪೇಟ ತೊಡಿಸುವಾಗ ಅವನ ಕಿವಿ ಎರಡೂ ಪೇಟದೊಳಗೆ ಮಾಯವಾದವು. ಪ್ರಿಂಟಿಂಗ್ ಅಂಗಡಿಯವನು ಗಾಬರಿಯಾಗಿ ನನ್ನ ಮುಖ ನೋಡಿದ. “ಇರ್ಲಿ ಬಿಡಣ್ಣ, ಕಿವಿ ಯಾರು ನೋಡ್ತಾರೆ?” ಎಂದು ಧೈರ್ಯ ತುಂಬಿದವನೂ ಬೇರೆ ಯಾರೂ ಅಲ್ಲ. ಇಷ್ಟು ಒಪ್ಪಿಕೊಂಡ ಮೇಲೆ ಮಿಕ್ಕಿದ್ದನ್ನು ನಾನು ನಿಧಾನವಾಗಿ ಹೇಳಬಹುದು, ನೀವು ಆರಾಮಾಗಿ ಕೇಳಬಹುದು.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಇವತ್ತು ಬೆಳಿಗ್ಗೆ ಅಂಗಿ ಇಸ್ತ್ರಿಗೆ ಕೊಡಲು ಹೋಗಿದ್ದೆ. ಬೆಂಗಳೂರಿನಲ್ಲಿ ಫ್ಲೆಕ್ಸಿಗೆ ಪುನರ್ಜನ್ಮವುಂಟು ಎನ್ನುವುದು ನಿಮಗೆ ಗೊತ್ತಿರುತ್ತದೆ. ಹುಟ್ಟುಹಬ್ಬದ ನಾಯಕರೆಲ್ಲ ಒಂದು ತಿಂಗಳು ಸರ್ಕಲ್ಲಿನಲ್ಲಿ ಕೈಮುಗಿದು ನಿಂತು, ಆಮೇಲೆ ಯಾರದೋ ಸ್ಕೂಟರಿನ ಹೊದಿಕೆಯಾಗಿಯೋ ನೀರಿನ ತೊಟ್ಟಿಯ ಮುಚ್ಚಳವಾಗಿಯೋ ಜನಸೇವೆ ಮುಂದುವರಿಸುತ್ತಾರೆ. ನಮ್ಮ ಇಸ್ತ್ರಿ ಗಾಡಿಯ ಚಾವಣಿಯೂ ಅಂಥದ್ದೇ. ಗಾಳಿ ಬೀಸಿ ಅದರ ಒಂದು ಮೂಲೆ ಮಗುಚಿತು ನೋಡಿ, ಒಳಮೈಯಿಂದ ಗ್ಲೆನ್ ನನ್ನನ್ನು ನೋಡಿ ನಕ್ಕ. ಕಿವಿಯಿಲ್ಲದ ಗ್ಲೆನ್!

“ಯಾರಪ್ಪ ಅದು, ಫಾರಿನ್ ರಾಜನಾ?” ಎಂದರು ಇಸ್ತ್ರಿ ಆಂಟಿ.

“ಅಲ್ಲ ಆಂಟಿ. ದನದ ಡಾಕ್ಟ್ರು.”

“ದನದ ಡಾಕ್ಟ್ರಿಗ್ಯಾಕೆ ಪೇಟ?”

ಅಲ್ಲಿಯೇ ನಿಂತು, ಕೆಂಡದ ವಾಸನೆ ಕುಡಿಯುತ್ತಾ, ಆ ಪ್ರಶ್ನೆಗೆ ಉತ್ತರ ಹೇಳಲು ಶುರುಮಾಡಿದೆ. ಅಂಗಿ ಮುಗಿಯಿತು, ಉತ್ತರ ಮುಗಿಯಲಿಲ್ಲ. ಉಳಿದದ್ದು ನಿಮಗೆ.

ನನ್ನ ಪರಿಚಯ ಚಿಕ್ಕದು. ನಾನು ಮಿಮಿಕ್ರಿಯವನು. ಕೂಗುವ ಕುಕ್ಕರಿನಿಂದ ಹಿಡಿದು ಮೆಟ್ರೋದಲ್ಲಿ ‘ಬಾಗಿಲುಗಳು ಮುಚ್ಚಲಿವೆ’ ಎನ್ನುವ ಹೆಂಗಸಿನವರೆಗೆ, ಹಳೇ ಪೇಪರಿನವನಿಂದ ಹಿಡಿದು ಮದುವೆಮನೆಯಲ್ಲಿ ಎಲ್ಲರನ್ನೂ ಊಟಕ್ಕೆ ಎಬ್ಬಿಸುವ ದೊಡ್ಡಪ್ಪನವರೆಗೆ ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಒಂದು ಗಣೇಶೋತ್ಸವದಲ್ಲಿ ನಿರೂಪಕರು ಹುರುಪಿಗೆ ಬಿದ್ದು ನನ್ನನ್ನು ‘ಧ್ವನಿ ಚಕ್ರವರ್ತಿ’ ಎಂದುಬಿಟ್ಟರು. ಆ ಚಕ್ರವರ್ತಿಯ ಸಾಮ್ರಾಜ್ಯ ಮಾಗಡಿ ರಸ್ತೆಯ ಟೋಲ್‌ಗೇಟಿನಲ್ಲಿ ಶುರುವಾಗಿ ಮೂಡಲಪಾಳ್ಯ ಬರುವಷ್ಟರಲ್ಲಿ ಮುಗಿದುಹೋಗುತ್ತದೆ ಎನ್ನುವುದು ಬೇರೆ ಮಾತು. ಬಿರುದು ಅಂದರೆ ಬಿರುದು. ಮಾರನೆಯ ದಿನವೇ ವಾಟ್ಸಾಪಿನಲ್ಲಿ ಹೆಸರಿನ ಹಿಂದೆ ಸೇರಿಸಿಕೊಂಡೆ.

ಈ ಗುಣ ನನಗೆ ಬಂದದ್ದು ನಾಗರಾಜ ಮಾವನಿಂದ. ಅಮ್ಮನ ಅಣ್ಣ. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾಗಿ, ಈಗ ಬಸವೇಶ್ವರನಗರದ ತಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು. ಅವರ ಮನೆಯ ಹಾಲಿನಲ್ಲಿ ಒಂದು ಗಾಜಿನ ಬೀರುವಿದೆ. ಅದರ ತುಂಬ ಸನ್ಮಾನಗಳು: ಶಾಲು, ಪೇಟ, ಗಂಧದ ಹಾರ, ನೆನಪಿನ ಕಾಣಿಕೆ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಮಾವ ಅದರ ಒಂದು ಪ್ರದಕ್ಷಿಣೆ ಹಾಕಿಸುತ್ತಾರೆ. ಬೀರುವಿನಲ್ಲಿ ಹಿಡಿಸದೆ ಉಳಿದ ಒಂದು ಶಾಲನ್ನು ಸುಮಿತ್ರತ್ತೆ ಅಡುಗೆಮನೆಯ ಗ್ರೈಂಡರಿಗೆ ಹೊದಿಸಿದ್ದಾರೆ. ಮಾವ ಕೇಳಿದರೆ, “ಈ ಮನೇಲಿ ನಿಜವಾಗ್ಲೂ ದುಡಿಯೋರಿಗೆ ಒಂದಾದ್ರೂ ಬೇಡ್ವಾ?” ಎನ್ನುತ್ತಾರೆ. ಅತ್ತೆ ಮಾತಾಡುವುದು ಕಡಿಮೆ. ಆಡಿದರೆ ಅದಕ್ಕೆ ಎದುರುತ್ತರ ಇರುವುದಿಲ್ಲ.

ಇವರ ಒಬ್ಬಳೇ ಮಗಳು ಚೈತ್ರಕ್ಕ ಫಿಸಿಯೋಥೆರಪಿ ಓದಿ ಆಸ್ಟ್ರೇಲಿಯಾದ ಒಂದು ಸಣ್ಣ ಊರಿನ ಆಸ್ಪತ್ರೆ ಸೇರಿದ್ದಳು. ಒಂದು ದಿನ ನನಗೆ ಫೋನು ಮಾಡಿದಳು.

“ಗ್ಲೆನ್‌ನ ಕರ್ಕೊಂಡು ಬರ್ತಾ ಇದೀನಿ ಕಣೋ. ನಿಮ್ಮನೇಲೇ ಇಟ್ಕೊ. ಮದುವೆಗೆ ಮುಂಚೆ ನಮ್ಮನೇಲಿ ಬೇಡ ಅಂದ್ರು ಅಪ್ಪ.”

“ಅಂದ್ರೆ ಒಪ್ಪಿದಾರಾ?”

“ನೋಡಿ ಹೇಳ್ತೀನಿ ಅಂದಿದಾರೆ. ಅಪ್ಪ ಒಪ್ಪದೆ ನಾನು ಮದುವೆ ಆಗಲ್ಲ ಕಣೋ. ಗ್ಲೆನ್ ಅಲ್ದೆ ಬೇರೆಯವರನ್ನೂ ಆಗಲ್ಲ. ಏನಾದ್ರೂ ಮಾಡು.”

ಮಿಮಿಕ್ರಿಯವನಿಗೆ ‘ಏನಾದ್ರೂ ಮಾಡು’ ಎನ್ನುವುದು ಕೋತಿಯ ಕೈಗೆ ಮೈಕು ಕೊಟ್ಟ ಹಾಗೆ. ಆದರೆ ಅಕ್ಕ ಅವತ್ತು ಅಳುವ ಹಾಗಿದ್ದಳು. ನಾನು “ಆಯ್ತು” ಎಂದೆ.

ಬೇರೆ ದೇಶ, ಬೇರೆ ಜನ ಎನ್ನುವ ಜಗಳಗಳನ್ನು ಅತ್ತೆ ಒಂದು ಬೇಸಿಗೆಯಿಡೀ ಮಾವನಿಗೆ ಬರೀ ತಿಳಿಸಾರು ಹಾಕಿ ಮುಗಿಸಿದ್ದರು. ಮಾವನಿಗೆ ಉಳಿದಿದ್ದ ಪ್ರಶ್ನೆ ಒಂದೇ: “ಹುಡುಗ ಸಾಧಿಸಿರೋದು ಏನು?”

ಗ್ಲೆನ್ ಬಂದ. ಬಾಗಿಲಿನಷ್ಟು ಎತ್ತರ, ಟೊಮೆಟೊ ಬಣ್ಣದ ಮೂಗು, ಮೊಣಕಾಲಿನವರೆಗಿನ ಚಡ್ಡಿ. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲಿಯೇ ಕೇಳಿ. ಅವನು ಪದದ ಬಾಲ ಕತ್ತರಿಸಿ, ಉಳಿದದ್ದನ್ನು ಅರ್ಧ ಮೂಗಿನಲ್ಲಿ ಬಿಡುತ್ತಿದ್ದ. ಎರಡೇ ದಿನದಲ್ಲಿ ಆ ಧ್ವನಿಯನ್ನು ನಾನು ಕದ್ದೆ.

ವಿಜಯನಗರದ ನಮ್ಮ ಮನೆಯಿಂದ ಮಾವನ ಮನೆಗೆ ಹೊರಟಾಗಲೇ ಮೊದಲ ಆಟ. ಗ್ಲೆನ್ ಆಟೋದಲ್ಲಿ ಹಿಂದೆ ಕೂರಲು ಒಪ್ಪಲಿಲ್ಲ. ಅವರ ಕಡೆ ಟ್ಯಾಕ್ಸಿಯಲ್ಲಿ ಒಬ್ಬನೇ ಹೋದರೂ ಡ್ರೈವರಿನ ಪಕ್ಕದಲ್ಲೇ ಕೂರಬೇಕಂತೆ. ಹಿಂದೆ ಕೂತರೆ ‘ಇವನೇನು ದೊಡ್ಡ ಮನುಷ್ಯನಾ’ ಅಂದುಕೊಳ್ಳುತ್ತಾರಂತೆ. ಆಟೋದವರು ತಮ್ಮ ಸೀಟಿನ ಅಂಚಿಗೆ ಆಗಲೇ ಒರಗಿದ್ದ ಆ ಪರ್ವತವನ್ನು ನೋಡಿ ಕೈಮುಗಿದರು. “ಸಾರ್, ದಯವಿಟ್ಟು ದೊಡ್ಡ ಮನುಷ್ಯರಾಗಿ ಸಾರ್. ಹ್ಯಾಂಡಲ್ ತಿರುಗ್ತಾ ಇಲ್ಲ.”

ಮಾವನ ಮನೆಯ ಬಾಗಿಲಿನಲ್ಲಿ ಎರಡನೆಯದು. ಇಸ್ತ್ರಿ ಮಾಡಿದ ಪಂಚೆಯುಟ್ಟು ಗಂಭೀರವಾಗಿ ನಿಂತಿದ್ದ ಮಾವನ ಕೈ ಕುಲುಕಿ ಗ್ಲೆನ್, “ಹೇಗಿದೀಯ, ನಾಗರಾಜ್?” ಎಂದ. ಜಿಲ್ಲಾ ಶಿಕ್ಷಣಾಧಿಕಾರಿಗಳೂ ‘ನಾಗರಾಜಯ್ಯನವರೇ’ ಎಂದು ಕರೆಯುತ್ತಿದ್ದ ಮನುಷ್ಯ! ಚೈತ್ರಕ್ಕ ಗ್ಲೆನ್‌ನ ಬೆನ್ನು ಚಿವುಟಿದಳು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ನಾನೂ ಹಿಂದೆಯೇ ಹೋದೆ. “ನೋಡೋ,” ಎಂದರು ನಗು ತಡೆಯಲಾರದೆ, “ಮದುವೆಯಾಗಿ ಇಷ್ಟು ವರ್ಷ ಆದ್ರೂ ನಾನು ಬಾಯಿ ಬಿಟ್ಟು ಹೇಳದ ಹೆಸರು. ಚಪ್ಪಲಿ ಬಿಡೋ ಮೊದ್ಲೇ ಹೇಳ್ಬಿಟ್ಟ!”

ಬೀರುವಿನ ಪ್ರದಕ್ಷಿಣೆ, ಉಪ್ಪಿಟ್ಟು, ಕಾಫಿ ಆದ ಮೇಲೆ ಸಂದರ್ಶನ.

“ಏನು ಕೆಲಸ?” ಎಂದು ಮಾವ ಇಂಗ್ಲಿಷಿನಲ್ಲಿಯೇ ಕೇಳಿದರು.

“ಹೀಗೇ, ಒಂದಷ್ಟು ಹಸು ಕುರಿ ನೋಡ್ಕೋತೀನಿ,” ಎಂದ ಗ್ಲೆನ್.

ಮಾವ ನನ್ನ ಕಡೆ ತಿರುಗಿ, “ಏನೋ ಇದು, ದನ ಕಾಯ್ತಾನೇನೋ?” ಎಂದರು.

“ಅಪ್ಪಾ, ಪಶುವೈದ್ಯ!” ಎಂದಳು ಚೈತ್ರಕ್ಕ. “ಸುತ್ತಮುತ್ತ ಊರಿಗೆಲ್ಲ ಇವನೇ ಡಾಕ್ಟ್ರು.”

ಮಾವನ ಮುಖ ಸ್ವಲ್ಪ ಅರಳಿತು. “ಹಾಗಾದ್ರೆ ಹೆಸರು ಮಾಡಿದಾರೆ.”

“ಹಸುಗಳಿಗೆ ನನ್ನ ಗುರುತಿದೆ,” ಎಂದ ಗ್ಲೆನ್, ಬಹಳ ಯೋಚಿಸಿ. “ಅವಕ್ಕೆ ನಾನಂದ್ರೆ ಆಗಲ್ಲ.”

ಯಾರೂ ನಗಲಿಲ್ಲ. ಎಲ್ಲರನ್ನೂ ನಗಿಸಿ ಹೊಟ್ಟೆ ಹೊರೆಯುವ ನಾನೂ ನಗಲಿಲ್ಲ. ನನಗೆ ಆಗಲೇ ಅವನ ಮೇಲೆ ಒಂದು ಸಣ್ಣ ಕೋಪವಿತ್ತು. ಹಿಂದಿನ ಸಂಜೆ ಅವನನ್ನು ನಾಗರಭಾವಿಯ ಒಂದು ಆರತಕ್ಷತೆಗೆ ಕರೆದುಕೊಂಡು ಹೋಗಿದ್ದೆ, ನನ್ನ ಕಾರ್ಯಕ್ರಮ ತೋರಿಸಲು. ಜನ ಬಿದ್ದು ಬಿದ್ದು ನಕ್ಕಿದ್ದರು. ಮದುಮಗನೇ ಎದ್ದು ಬಂದು ಸೆಲ್ಫಿ ತೆಗೆಸಿಕೊಂಡಿದ್ದ. ಬೆವರು ಒರೆಸಿಕೊಳ್ಳುತ್ತಾ ಗ್ಲೆನ್ ಹತ್ತಿರ ಬಂದು, ಏನೂ ಬೇಡದವನ ಹಾಗೆ “ಹೇಗಿತ್ತು?” ಎಂದೆ. ಅವನು ತಲೆಯಾಡಿಸಿ “ಪರವಾಗಿಲ್ಲ,” ಎಂದ. ಪರವಾಗಿಲ್ಲ! ನಾನೇನು ಅವನ ಕಾಲು ತುಳಿದಿದ್ದೆನೇ? ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಊರನ್ನೆಲ್ಲ ಅಣಕಿಸುವ ನನಗೆ ಒಂದು ಮೆಚ್ಚುಗೆಯ ಮಾತು ಕಡಿಮೆಯಾದದ್ದಕ್ಕೆ ಇಷ್ಟು ಉರಿ! ಇರಲಿ, ಚಕ್ರವರ್ತಿಗಳ ಮನಸ್ಸು ಸೂಕ್ಷ್ಮ.

ಹೀಗೆ ಅರ್ಧ ಅಕ್ಕನ ಮೇಲಿನ ಪ್ರೀತಿಯಿಂದ, ಅರ್ಧ ‘ಹೊಗಳುವುದು ಹೇಗೆ ಅಂತ ಇವನಿಗೆ ತೋರಿಸ್ತೀನಿ’ ಎನ್ನುವ ಹಟದಿಂದ, ನನ್ನ ತಲೆಯಲ್ಲಿ ಆ ಯೋಜನೆ ಹುಟ್ಟಿತು. ನವೆಂಬರ್ ತಿಂಗಳು. ನಮ್ಮಲ್ಲಿ ರಾಜ್ಯೋತ್ಸವ ಒಂದೇ ದಿನದ್ದಲ್ಲವಲ್ಲ, ತಿಂಗಳ ಕೊನೆಯವರೆಗೂ ಯಾವುದೋ ಒಂದು ಬೀದಿಯಲ್ಲಿ ಶಾಮಿಯಾನ ಇದ್ದೇ ಇರುತ್ತದೆ. ಮಾವನ ಸಂಘದ್ದು ಆ ಭಾನುವಾರ ಸಂಜೆ, ಪಾರ್ಕಿನಲ್ಲಿ.

“ಮಾವ, ಗ್ಲೆನ್‌ಗೆ ಒಂದು ಸನ್ಮಾನ ಇಟ್ಕೊಂಡ್ರೆ?” ಎಂದೆ.

ಮಾವ ಕನ್ನಡಕ ತೆಗೆದರು. ಎಷ್ಟೋ ದಿನದಿಂದ ಸಿಗದ ಬಾಗಿಲು ಸಿಕ್ಕವರ ಹಾಗೆ ಕಣ್ಣು ಬೆಳಗಿತು. “ಮಾಡೋಣ ಕಣೋ! ಸನ್ಮಾನ ಆಗ್ಲಿ. ನಾಲ್ಕು ಜನ ಅವನ ಯೋಗ್ಯತೆ ಕೇಳ್ಲಿ. ಆಮೇಲೆ ಮೈಕಲ್ಲಿ ನಾನೇ ಹೇಳ್ತೀನಿ, ಇವ್ರು ನಮ್ಮನೆ ಅಳಿಯ ಆಗೋರು ಅಂತ.”

ನೋಡಿ, ಒಪ್ಪಿಗೆ ಅಷ್ಟು ಹತ್ತಿರ ಬಂದಿತ್ತು. ಒಂದು ಶಾಲಿನ ದೂರ.

ಅವತ್ತೇ ಪ್ರಿಂಟಿಂಗ್ ಅಂಗಡಿಗೆ ಹೋದೆ. ‘ಅಂತರರಾಷ್ಟ್ರೀಯ ಖ್ಯಾತಿಯ ಪಶುವೈದ್ಯ ವಿಜ್ಞಾನಿ, ಆಸ್ಟ್ರೇಲಿಯಾದ ಹೆಮ್ಮೆಯ ಪುತ್ರ ಡಾ. ಗ್ಲೆನ್ ಅವರಿಗೆ ಹೃತ್ಪೂರ್ವಕ ಸುಸ್ವಾಗತ.’ ಮೂಲೆಯಲ್ಲಿ ವೃತ್ತದೊಳಗೆ ಮಾವ. ಇನ್ನೊಂದು ಮೂಲೆಯಲ್ಲಿ, ಯಾರಾದರೂ ಕೇಳಿದರೆ ಜಾಗ ಖಾಲಿ ಉಳಿದಿತ್ತು ಎನ್ನಬಹುದಾದಷ್ಟು ಸಣ್ಣದಾಗಿ, ಧ್ವನಿ ಚಕ್ರವರ್ತಿ.

ಭಾನುವಾರ ಬೆಳಿಗ್ಗೆ ಪಾರ್ಕಿನ ಗೇಟಿಗೆ ಕಟ್ಟಿಸಿ, ಗ್ಲೆನ್‌ಗೆ ತೋರಿಸಲು ಕರೆದುಕೊಂಡು ಹೋದೆ. ಅವನು ನೋಡಿದ. ಮೂಗಿನ ಬಣ್ಣ ಕೆನ್ನೆಗೆ ಇಳಿದು, ಕತ್ತಿಗೆ ಹಬ್ಬಿ, ಅಂಗಿಯೊಳಗೆ ಹೋಯಿತು. ಆನಂದವೆಂದುಕೊಂಡೆ. ಅವನು ನನ್ನ ತೋಳು ಹಿಡಿದು ಕೇಳಿದ್ದು: “ಇದರ ಫೋಟೋ ಯಾರಾದ್ರೂ ತೆಗೆದಿದಾರಾ? ನಮ್ಮೂರ ಹುಡುಗರ ಕಣ್ಣಿಗೆ ಬಿದ್ರೆ ನಾನು ಸಾಯೋವರೆಗೂ ಬಿಡಲ್ಲ. ಸತ್ತ ಮೇಲೆ ಗೋರಿ ಮೇಲೂ ಇದನ್ನೇ ಬರೆಸ್ತಾರೆ.” ನಾನು ನಕ್ಕೆ. ವಿನಯ ಎಂದುಕೊಂಡೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮಲ್ಲಿಯೂ ಹೇಳುತ್ತಾರಲ್ಲ. ಆದರೆ ನಮ್ಮಲ್ಲಿ ತುಂಬಿದ ಕೊಡ ಸುಮ್ಮನಿರುವುದು, ಉಳಿದವರು ಬಂದು ಅದಕ್ಕೆ ಹಾರ ಹಾಕುತ್ತಾರೆ ಎನ್ನುವ ಧೈರ್ಯದ ಮೇಲೆ.

ಸಂಜೆ ಪಾರ್ಕು ತುಂಬಿತ್ತು. ಮಕ್ಕಳ ನೃತ್ಯ ಆಯಿತು, ಭಾಷಣ ಆಯಿತು. ಸನ್ಮಾನ ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ, ನಿಜವಾದ ಪೇಟ. ಅದರೊಳಗೂ ಅವನ ಕಿವಿ ಹೋಯಿತು. ಆಮೇಲೆ ‘ಸನ್ಮಾನಿತರಿಂದ ಎರಡು ಮಾತು’. ಅನುವಾದಕ್ಕೆ ನಾನು. ಎರಡು ಮೈಕು, ಎರಡೂ ನನ್ನ ಹತ್ತಿರವೇ ಇದ್ದಷ್ಟು ಉತ್ಸಾಹ.

ಗ್ಲೆನ್ ಇಂಗ್ಲಿಷಿನಲ್ಲಿ ಶುರುಮಾಡಿದ. ನಾನು ಅವನದೇ ಮೂಗುಧ್ವನಿಯಲ್ಲಿ ಕನ್ನಡಕ್ಕೆ ತಿರುಗಿಸಿದೆ: “ಗೇಟಿನ ಮೇಲೆ ಇರೋ ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ಪಾಪ, ಅವನಿಗೆ ಕಿವಿನೂ ಇಲ್ಲ.”

ಪಾರ್ಕು ಘೊಳ್ಳೆಂದಿತು. ಆ ಸದ್ದು ನನ್ನ ನೆತ್ತಿಗೇರಿತು.

“ನಾನು ಒಬ್ಬ ಸಾಧಾರಣ ದನದ ಡಾಕ್ಟ್ರು. ಅಂಥಾ ಒಳ್ಳೆಯವನೂ ಅಲ್ಲ. ನನ್ನ ಕೈಲಿ ವಾಸಿಯಾದ ಹಸುಗಳು ನಾನು ಹೋಗದಿದ್ರೂ ವಾಸಿಯಾಗ್ತಿದ್ವು.”

ಇನ್ನೂ ದೊಡ್ಡ ನಗೆ. ನಾನು ಒಂದು ಹಸುವಿನ ಕೂಗನ್ನೂ ಸೇರಿಸಿದೆ. ಅದು ಮೂಲದಲ್ಲಿ ಇರಲಿಲ್ಲ.

“ನಿಜವಾಗಿ ಈ ಶಾಲು ನಾಗರಾಜ್ ಸಾರ್‌ಗೆ ಸೇರ್ಬೇಕು. ಆದ್ರೆ ಅವರ ಬೀರುವಿನಲ್ಲಿ ಜಾಗ ಇಲ್ಲ. ಒಂದು ಅಂಗಡಿ ಇಡೋವಷ್ಟು ಶಾಲು ಆಗ್ಲೇ ಅಲ್ಲಿದೆ.”

ಇದನ್ನು ಅವನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಾಗ ನನಗೆ ಒಂದು ಗಳಿಗೆ ಇತ್ತು. ‘ಹಿರಿಯರಾದ ನಾಗರಾಜಯ್ಯನವರ ಮುಂದೆ ನಾನು ಚಿಕ್ಕವನು’ ಎಂದು ತಿರುಗಿಸಿದ್ದರೆ ಕಥೆ ಅಲ್ಲಿಗೇ ಸುಖಾಂತ. ಮಾವನ ಮುಖವೂ ಕಾಣುತ್ತಿತ್ತು. ಅವರಿಗೆ ಇಂಗ್ಲಿಷ್ ಬರುತ್ತದೆ, ಅರ್ಥವಾಗಿತ್ತು; ಕನ್ನಡದಲ್ಲಿ ಅದು ಊರಿಗೆ ಕೇಳಿಸದಿದ್ದರೆ ನುಂಗಿಕೊಂಡುಬಿಡುತ್ತಿದ್ದರು. ಆದರೆ ಎದುರಿಗೆ ಇಡೀ ಬಡಾವಣೆ ನಗಲು ಬಾಯಿ ತೆರೆದು ಕೂತಿತ್ತು. ಸ್ವಾಮಿ, ತೆರೆದ ಬಾಯಿಯ ಮುಂದೆ ಸುಮ್ಮನಿರುವುದು ಮಿಮಿಕ್ರಿಯವನಿಂದ ಆಗದ ಕೆಲಸ. ಹೇಳಿಯೇಬಿಟ್ಟೆ. ಅಷ್ಟಕ್ಕೇ ನಿಲ್ಲದೆ, ಮಾವನ ಧ್ವನಿಯಲ್ಲಿ, ಅವರು ಮೂಗು ಒತ್ತಿ ಕೆಮ್ಮುವ ಕೆಮ್ಮನ್ನೂ ಸೇರಿಸಿ, “ಬನ್ನಿ ಬನ್ನಿ, ಹೊಸ ಸ್ಟಾಕ್ ಬಂದಿದೆ!” ಎಂದೆ.

ನನ್ನ ಜೀವಮಾನದ ಅತಿ ದೊಡ್ಡ ನಗೆ ಅದು. ಕುರ್ಚಿಗಳು ಅಲುಗಾಡಿದವು. ಮಾವ ಎದ್ದರು, ಮೈಕು ತೆಗೆದುಕೊಂಡರು. ಅಳಿಯ ಎನ್ನುವ ಮಾತಿಗೆ ನಾನು, ಚೈತ್ರಕ್ಕ, ಅತ್ತೆ ಮೂವರೂ ಉಸಿರು ಹಿಡಿದೆವು. ಅವರು “ಈಗ ವಂದನಾರ್ಪಣೆ” ಎಂದಷ್ಟೇ ಹೇಳಿ ಮೈಕನ್ನು ಕಾರ್ಯದರ್ಶಿಯ ಕೈಗೆ ಕೊಟ್ಟು, ಮೆಟ್ಟಿಲು ಇಳಿದು, ಪಾರ್ಕಿನ ಹಿಂದಿನ ಗೇಟಿನಿಂದ ಹೊರಟುಹೋದರು.

ಜನ ಚದುರುವಾಗ ನನ್ನ ಕಿವಿಗೆ ಬಿದ್ದದ್ದು ಹೀಗೆ. ಒಬ್ಬರು: “ಪಾಪ, ಕೆಲಸ ಸರಿಯಾಗಿ ಬರಲ್ವಂತೆ. ತಾನೇ ಹೇಳ್ದ.” ಪ್ರಸಾದದ ಸಾಲಿನಲ್ಲಿ ಇನ್ನೊಬ್ಬರು: “ಅವನು ಮುಟ್ಟಿದ ಹಸು ಉಳಿಯೋದೇ ಕಷ್ಟವಂತೆ.” ಗೇಟಿನ ಹತ್ತಿರ ಬರುವಷ್ಟರಲ್ಲಿ ಗ್ಲೆನ್ ಡಾಕ್ಟರೇ ಆಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಚೈತ್ರಕ್ಕನ ಫೋನು. ಬೈಗುಳದಿಂದಲೇ ಶುರು.

“ನಿನಗೆ ತಲೆ ಇದೆಯೇನೋ? ಅಪ್ಪ ಕಾಫಿನೂ ಕುಡೀತಿಲ್ಲ. ‘ಕೆಲಸ ಬರಲ್ಲ ಅಂತ ಊರೆದುರು ಹೇಳ್ಕೊಂಡವನಿಗೆ ಮಗಳನ್ನ ಹೇಗೆ ಕೊಡ್ಲಿ’ ಅಂತಿದಾರೆ.”

“ಅಕ್ಕ, ಹೇಳಿದ್ದು ಅವನು. ನಾನು ತರ್ಜುಮೆ…”

“ಅವರ ದೇಶದಲ್ಲಿ ಹಾಗೇ ಮಾತಾಡೋದು ಕಣೋ! ನಾನು ದೊಡ್ಡವನು ಅಂತ ಹೇಳ್ಕೊಂಡ್ರೆ ಮುಗೀತು, ಯಾರೂ ಹತ್ತಿರ ಸೇರಿಸಲ್ಲ. ಹೊಲದಲ್ಲಿ ಒಂದು ಗಸಗಸೆ ಗಿಡ ಮಿಕ್ಕ ಗಿಡಕ್ಕಿಂತ ಎತ್ತರ ಬೆಳೆದ್ರೆ ಅದರ ತಲೆ ಕತ್ತರಿಸ್ತಾರೆ ಅಂತ ಒಂದು ಮಾತೇ ಇದೆ ಅಲ್ಲಿ.”

“ಪಾಯಸ ಮಾಡೋಕಾ?”

“ಮುಚ್ಕೊಂಡು ಕೇಳು. ಅಲ್ಲಿ ಯಾರನ್ನಾದ್ರೂ ಇಷ್ಟಪಟ್ರೆ ರೇಗಿಸ್ತಾರೆ. ಅಪ್ಪನ್ನ ರೇಗಿಸಿದ್ದು ತನ್ನವರು ಅಂದ್ಕೊಂಡು. ಮರ್ಯಾದೆಯಿಂದ ಮಾತಾಡಿಸಿದ್ರೆ ಅವನಿಗೆ ಅಪ್ಪ ಇಷ್ಟ ಆಗಿಲ್ಲ ಅಂತ ಅರ್ಥ. ಇನ್ನೊಂದು, ನಿನ್ನ ಶೋ ‘ಪರವಾಗಿಲ್ಲ’ ಅಂದ್ನಂತಲ್ಲ? ಅವತ್ತಿಂದ ನನಗೆ ದಿನಾ ಹೇಳ್ತಿದಾನೆ, ಇಂಥಾ ಮಿಮಿಕ್ರಿ ಎಲ್ಲೂ ನೋಡಿಲ್ಲ ಅಂತ.”

“ನನಗ್ಯಾಕೆ ಹೇಳ್ಲಿಲ್ಲ?”

“ನಿನ್ನೆದುರು ಹೇಳಿದ್ರೆ ನೀನು ಹಾಳಾಗ್ತೀಯ ಅಂತ!”

ಫೋನಿಟ್ಟ ಮೇಲೆ ನನಗೆ ನಮ್ಮ ಹುಡುಗರೇ ಕಣ್ಣೆದುರು ಬಂದರು. ವಿಜಯನಗರದ ಟೀ ಅಂಗಡಿಯ ಮುಂದೆ ಬಂದು ನೋಡಿ, ಅಲ್ಲಿರುವುದು ಅಚ್ಚ ಆಸ್ಟ್ರೇಲಿಯಾ. ನನ್ನ ರೀಲ್ಸ್ ಒಂದು ಸ್ವಲ್ಪ ಓಡಿದ ದಿನ ಗೆಳೆಯ ಮಂಜ, “ಏನ್ ಗುರು ಚಕ್ರವರ್ತಿ, ಟೀ ಕುಡೀತೀಯಾ ಇಲ್ಲ ತಲೆ ಮೇಲೆ ಸುರೀಬೇಕಾ?” ಎಂದಿದ್ದ. ಅದೇ ಮಂಜ ವಾರದಲ್ಲೇ ತನ್ನ ಆಫೀಸಿನವರಿಗೆಲ್ಲ ಆ ರೀಲ್ಸ್ ಕಳಿಸಿದ್ದ. ಟೀ ಅಂಗಡಿಯಲ್ಲಿ ಒಬ್ಬರ ತಲೆ ಒಬ್ಬರು ಕತ್ತರಿಸುವ ನಾವೇ ವೇದಿಕೆ ಹತ್ತಿದೊಡನೆ ಒಬ್ಬರಿಗೊಬ್ಬರು ಪೇಟ ಕಟ್ಟುತ್ತೇವೆ. ಗ್ಲೆನ್‌ಗೆ ಇವೆರಡಕ್ಕೂ ನಡುವಿನ ಮೆಟ್ಟಿಲು ಕಾಣಲಿಲ್ಲ, ಅಷ್ಟೆ. ವೇದಿಕೆಯ ಮೇಲೆ ನಿಂತು ಟೀ ಅಂಗಡಿಯ ಮಾತಾಡಿದ.

ಸರಿ, ರಿಪೇರಿ. ಗ್ಲೆನ್‌ನನ್ನು ನಮ್ಮ ಮನೆಯ ತಾರಸಿಗೆ ಎಳೆದುಕೊಂಡು ಹೋದೆ, ಹೊಗಳಿಕೊಳ್ಳುವುದನ್ನು ಕಲಿಸಲು. ಪ್ರಪಂಚದಲ್ಲಿ ಇಷ್ಟು ಸುಲಭದ ಪಾಠ ಇನ್ನೊಂದಿಲ್ಲ ಎಂದುಕೊಂಡಿದ್ದೆ; ನಮ್ಮ ಬೀದಿಯಲ್ಲಿ ಎಲ್‌ಕೆಜಿ ಮಕ್ಕಳಿಗೂ ಬರುತ್ತದೆ.

“ಹೇಳು, ‘ನಾನು ಬಹಳ ಒಳ್ಳೆಯ ಡಾಕ್ಟರ್.’”

“ನಾನು… ಇದ್ದದ್ದರಲ್ಲಿ ಆಗಬಹುದು.”

“ಅಲ್ಲ! ಎದೆ ಮೇಲೆ ಕೈ ಇಡು. ‘ನಮ್ಮ ಕಡೆ ನನ್ನಂಥ ಡಾಕ್ಟರೇ ಇಲ್ಲ.’”

“ನಮ್ಮ ಕಡೆ ಬೇರೆ ಡಾಕ್ಟರೇ ಇಲ್ಲ. ಅದು ನಿಜ.”

ಒಣಹಾಕಿದ್ದ ಬಟ್ಟೆಗಳ ನಡುವೆ ಅವನು ಬ್ಯಾಂಕಿಗೆ ನುಗ್ಗಲು ಹೊರಟ ಕಳ್ಳನ ಹಾಗೆ ಬೆವರುತ್ತಿದ್ದ. ಪಕ್ಕದ ತಾರಸಿಯಲ್ಲಿ ಸಂಡಿಗೆ ಇಡುತ್ತಿದ್ದ ಆಂಟಿ ಕೆಲಸ ಬಿಟ್ಟು ನೋಡಿದರು. “ಏನಾಗಿದೆಯಪ್ಪ ಅವ್ರಿಗೆ?” “ತಮ್ಮನ್ನ ತಾವು ಹೊಗಳಿಕೊಳ್ಳೋಕೆ ಬರ್ತಿಲ್ಲ ಆಂಟಿ.” “ಅಯ್ಯೋ, ನಮ್ಮೋರನ್ನ ಕಳಿಸ್ಲಾ?” ಗ್ಲೆನ್ ಕೊನೆಗೆ ನೆಲದ ಮೇಲೆ ಕೂತು ಹೇಳಿದ: “ನಿನಗೆ ಗೊತ್ತಾ, ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕ್ತೀನಿ, ಇಷ್ಟು ಕಷ್ಟ ಆಗಲ್ಲ. ಆದ್ರೂ ಬರ್ತೀನಿ. ಚೈತ್ರಾಗೋಸ್ಕರ ಹೇಳ್ತೀನಿ.”

ಹೋದೆವು. ಮಾವ ಹಾಲಿನ ಕುರ್ಚಿಯಲ್ಲಿ, ಬೀರುವಿಗೆ ಬೆನ್ನು ಮಾಡಿ ಕೂತಿದ್ದರು. ಅವರು ಅದಕ್ಕೆ ಬೆನ್ನು ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಚೈತ್ರಕ್ಕ ಕಿಟಕಿಯ ಹತ್ತಿರ ನಿಂತಿದ್ದಳು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಮಾವ, ಆ ಹೊಸ ಸ್ಟಾಕಿನ ಮಾತು ಅವನದಲ್ಲ, ನಂದು,” ಎಂದೆ.

“ಗೊತ್ತು ಕಣೋ. ನನ್ನ ಧ್ವನಿ ನನಗೆ ಗೊತ್ತಾಗಲ್ವಾ?” ಎಂದರು ಮಾವ, ನನ್ನನ್ನು ನೋಡದೆ.

ಗ್ಲೆನ್ ಮುಂದೆ ಬಂದ. ಎದೆಯ ಮೇಲೆ ಕೈ ಇಟ್ಟ. “ಸಾರ್, ನಾನು ಬಹಳ ಒಳ್ಳೆಯ…” ಅಲ್ಲಿಗೆ ನಿಂತ. ನಾವೆಲ್ಲ ಕಾದೆವು. ಅವರೆಕಾಯಿ ಸುಲಿಯುವ ಸದ್ದೂ ನಿಂತಿತು. ಕೊನೆಗೆ, ನಾನೇ ಕಲಿಸಿದ್ದ ಕನ್ನಡದಲ್ಲಿ, “…ಪರವಾಗಿಲ್ಲ, ಸಾರ್,” ಎಂದ.

ಮಾವ ನಿಟ್ಟುಸಿರು ಬಿಟ್ಟರು. ಆಮೇಲೆ ಅವರು ಆಡಿದ ಮಾತು ಹೆಡ್‌ಮಾಸ್ಟರ ಧ್ವನಿಯಲ್ಲಿ ಇರಲಿಲ್ಲ. “ನನಗೆ ಶಾಲಿನ ಹುಚ್ಚು ಅಂತ ನೀವೆಲ್ಲ ನಗ್ತೀರ. ನಗಿ. ನಾನು ಹುಡುಗನಾಗಿದ್ದಾಗ ಒಬ್ಬರೂ ನನಗೆ ‘ಭೇಷ್’ ಅಂದಿರಲಿಲ್ಲ ಕಣೋ. ಮೇಷ್ಟ್ರಾದ ಮೇಲೆ ಒಂದು ನೇಮ ಮಾಡ್ಕೊಂಡೆ, ಕ್ಲಾಸಿನಲ್ಲಿ ಒಂದು ಮಗುವನ್ನಾದ್ರೂ ಎದ್ದು ನಿಲ್ಲಿಸಿ ಹೊಗಳದೆ ಮನೆಗೆ ಬರಬಾರ್ದು ಅಂತ. ಹೊಗಳೋದು ಹಮ್ಮಲ್ಲ, ಮರ್ಯಾದೆ. ನಾಳೆ ಇವನು ನನ್ನ ಮಗಳನ್ನೂ ನಾಲ್ಕು ಜನರ ಮುಂದೆ ‘ಪರವಾಗಿಲ್ಲ’ ಅಂತಾನಾ? ಕೇಳು ಅವನನ್ನ. ಚೈತ್ರಾ ಹೇಗೆ ಅಂತ ಕೇಳು.”

ನಾನು ಕೇಳಿದೆ. ಸ್ವಾಮಿ, ಅಲ್ಲಿಯವರೆಗೆ ಒಂದೊಂದು ಪದಕ್ಕೂ ಬೆವರುತ್ತಿದ್ದವನು ನಲ್ಲಿ ಬಿಟ್ಟ ಹಾಗೆ ಶುರುಮಾಡಿದ! ಆ ಊರಿನ ಒಬ್ಬ ರೈತ ಪಾರ್ಶ್ವವಾಯು ಹೊಡೆದು ಮಲಗಿದ್ದನಂತೆ. ಇನ್ನು ಎದ್ದ ಹಾಗೆಯೇ ಎಂದು ಮನೆಯವರೇ ಕೈಬಿಟ್ಟಿದ್ದರಂತೆ. ಚೈತ್ರಕ್ಕ ರಜೆಯ ದಿನವೂ ಗಾಡಿ ಓಡಿಸಿಕೊಂಡು ಅವನ ಮನೆಗೆ ಹೋಗಿ, ಬೈದು, ನಗಿಸಿ, ಹಿಡಿದು ನಡೆಸಿದಳಂತೆ. ಕುರಿಗಳನ್ನು ನೋಡಲೆಂದು ಗ್ಲೆನ್ ಹೋದ ದಿನ ಆ ಮನುಷ್ಯ ತಾನೇ ನಡೆದು ಬಂದು ದೊಡ್ಡಿಯ ಗೇಟು ತೆಗೆದನಂತೆ. “ಅವನ ಹಿಂದೆ ಇವಳು ನಿಂತಿದ್ದಳು. ಮುಟ್ಟಿರಲಿಲ್ಲ. ಬಿದ್ದರೆ ಹಿಡಿಯೋಕೆ ಎರಡು ಕೈ ಚಾಚಿ, ಅವನಿಗೆ ಕಾಣದ ಹಾಗೆ ನಿಂತಿದ್ದಳು. ನಾನು ಕುರಿ ಮರೆತೆ. ಸಾರ್, ನನ್ನ ಬದುಕಿನಲ್ಲಿ ನಾನು ಕಂಡ ಎಲ್ಲರಿಗಿಂತ ದೊಡ್ಡವಳು ಇವಳು.” ಇದನ್ನು ಕನ್ನಡಕ್ಕೆ ತಿರುಗಿಸುವಾಗ ಅವನ ಮೂಗುಧ್ವನಿ ನನಗೆ ಬರಲಿಲ್ಲ. ಯಾರ ಧ್ವನಿಯೂ ಬರಲಿಲ್ಲ. ನನ್ನದೇ ಧ್ವನಿಯಲ್ಲಿ ಹೇಳಬೇಕಾಯಿತು. ಅದು ಇಷ್ಟು ಸಣ್ಣದು ಎಂದು ನನಗೇ ಗೊತ್ತಿರಲಿಲ್ಲ.

ಮಾವ ಚೈತ್ರಕ್ಕನನ್ನು ನೋಡಿದರು. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಮಾವ ಕನ್ನಡಕ ಒರೆಸಿ, ಹೊಸ್ತಿಲ ಕಡೆ ತಿರುಗಿ, ಉಳಿದಿದ್ದ ಕೊನೆಯ ಆಕ್ಷೇಪವನ್ನು ಅತ್ತೆಯ ಮುಂದಿಟ್ಟರು. “ಎಲ್ಲಾ ಸರಿ ಕಣೇ. ಆದ್ರೆ ತನ್ನ ಬಗ್ಗೆ ಒಂದೇ ಒಂದು ಒಳ್ಳೆ ಮಾತು ಹೇಳ್ಕೊಳ್ಳೋಕೆ ಬರಲ್ವಲ್ಲೇ ಇವನಿಗೆ?”

ಇಲ್ಲಿ ಒಂದು ನಿಮಿಷ ತಡೆದು ಇವತ್ತಿಗೆ ಬರುತ್ತೇನೆ. ಅತ್ತೆಯ ಮಾತಾದ ಮೇಲೆ ನನ್ನ ಮಾತಿಗೆ ಜಾಗವಿರುವುದಿಲ್ಲ. ಹೋದ ವಾರ ನಂದಿನಿ ಲೇಔಟಿನ ಒಂದು ಕಾರ್ಯಕ್ರಮದಲ್ಲಿ, ಏನೆಂದು ಪರಿಚಯಿಸಲಿ ಎಂದು ನಿರೂಪಕಿ ಕೇಳಿದರು. “ಮಿಮಿಕ್ರಿಯವನು, ಪರವಾಗಿಲ್ಲ ಅನ್ನಿ ಸಾಕು,” ಎಂದೆ. ಆಕೆ ಗಾಬರಿಯಾಗಿ, “ಯಾಕ್ ಸಾರ್, ನಮ್ಮ ಮೇಲೆ ಬೇಜಾರಾ?” ಎಂದರು. ನಾನೇನು ಆಸ್ಟ್ರೇಲಿಯನ್ ಆಗಿಬಿಟ್ಟೆ ಅಂದುಕೊಳ್ಳಬೇಡಿ. ಚಪ್ಪಾಳೆ ಸ್ವಲ್ಪ ಕಡಿಮೆಯಾದರೂ ಹೋಳಿಗೆ ಈಗಲೂ ಗಂಟಲಲ್ಲಿ ನಿಲ್ಲುತ್ತದೆ. ಆದರೆ ಕಾರ್ಯಕ್ರಮ ಮುಗಿದ ಮೇಲೆ ಮೈಕು ಜೋಡಿಸುವ ಹುಡುಗಿಯನ್ನು, ದೀಪದವನನ್ನು ವೇದಿಕೆಗೆ ಕರೆದು, ಹೆಸರು ಹಿಡಿದು, ನಾಲ್ಕು ಜನರ ಎದುರು ಹೊಗಳದೆ ಇಳಿಯುವುದಿಲ್ಲ. ಇದು ಮಾವನಿಂದ ಬಂದದ್ದೋ ಅವರ ಅಳಿಯ ಗ್ಲೆನ್‌ನಿಂದ ಬಂದದ್ದೋ ನನಗೆ ಬಿಡಿಸಿ ಹೇಳಲು ಬಾರದು.

ಮಾವ ಕೇಳಿದ್ದು ನೆನಪಿದೆಯಲ್ಲ? ತನ್ನ ಬಗ್ಗೆ ಹೇಳಿಕೊಳ್ಳಲು ಬಾರದ ಹುಡುಗ. ಅತ್ತೆ ತಲೆ ಎತ್ತಲಿಲ್ಲ. ಒಂದು ಅವರೆಕಾಯಿ ಸುಲಿದು, ಕಾಳನ್ನು ಮೊರಕ್ಕೆ ಹಾಕಿ ಹೇಳಿದರು:

“ಬಾರದಿದ್ರೆ ಏನೀಗ? ಈ ಮನೇಲಿ ಆ ಕೆಲಸ ಖಾಲಿ ಇಲ್ವಲ್ಲ.”